‘ಓದಿದ್ಯಾ?’ ಅಂತ ಕೇಳುವ ಮುಂಚೆ...

ಮನೆಯಲ್ಲಿ ಎಸ್ಸೆಸ್ಸೆಲ್ಸಿಯೋ ಸೆಕೆಂಡ್ ಪಿಯುಸಿಯೋ ಓದುವ ಮಗು ಇದೆ ಅಂದರೆ ಆ ಮನೆಯ ಗುರುತು ಹೊರಗಿನಿಂದಲೇ ಸಿಗುತ್ತದೆ. ಟಿ.ವಿ.ಗೆ ರೀಚಾರ್ಜ್ ಮಾಡಿಸಿರುವುದಿಲ್ಲ. ಚಿಕ್ಕಪ್ಪನ ಮಗಳ ಮದುವೆಗೆ ಅಪ್ಪ ಒಬ್ಬರೇ ಹೋಗಿ ಅಕ್ಷತೆ ಹಾಕಿ ಬರುತ್ತಾರೆ. ಮಗಳ ಭರತನಾಟ್ಯದ ಕ್ಲಾಸು ‘ಇದೊಂದು ವರ್ಷ’ ಅಂತ ನಿಂತಿರುತ್ತದೆ, ಮಗನ ಕ್ರಿಕೆಟ್ ಬ್ಯಾಟು ಅಟ್ಟ ಸೇರಿರುತ್ತದೆ. ಪಕ್ಕದ ಮನೆಯವರು ಬೆಲ್ ಮಾಡಿದರೆ ಅರ್ಧ ಬಾಗಿಲು ತೆರೆದು ಪಿಸುದನಿಯಲ್ಲಿ ‘ಓದ್ತಿದ್ದಾಳೆ’ ಎನ್ನುತ್ತೇವೆ. ಒಳಗೆ ಯಾರಿಗೋ ಹುಷಾರಿಲ್ಲವೇನೋ ಎನ್ನುವಂಥ ಮೌನ!

ಇದೆಲ್ಲ ಮಗುವಿನ ಒಳ್ಳೆಯದಕ್ಕೇ ತಾನೆ ಅಂತೀರಿ. ಹೌದು, ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತೇವೆ. ಆದರೆ ಒಂದು ಸಲ ಮಗುವಿನ ಕಡೆಯಿಂದ ಯೋಚಿಸಿ ನೋಡಿ. ಬೆಳಿಗ್ಗೆ ಏಳುತ್ತಿದ್ದ ಹಾಗೆ ‘ಓದಿದ್ಯಾ?’, ತಿಂಡಿ ತಟ್ಟೆಯ ಮುಂದೆ ‘ಮ್ಯಾಥ್ಸ್ ಎಷ್ಟು ಚಾಪ್ಟರ್ ಆಯ್ತು?’, ಸ್ಕೂಲಿನಿಂದ ಬಂದು ಶೂ ಬಿಚ್ಚುವಾಗ ‘ಟೆಸ್ಟ್ ಪೇಪರ್ ಕೊಟ್ರಾ?’, ರಾತ್ರಿ ಅನ್ನ ಕಲಸುವಾಗ ‘ಆ ಹುಡುಗಿಗೆ ಎಷ್ಟು ಬಂತಂತೆ?’. ನಿನ್ನೆ ಇಡೀ ದಿನ ನೀವು ಮಗುವಿನ ಜೊತೆ ಆಡಿದ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದು ನೋಡಿ. ಓದು, ಮಾರ್ಕ್ಸು, ಊಟ, ಸ್ನಾನ ಬಿಟ್ಟರೆ ಬೇರೆ ಎಷ್ಟು ಮಾತು ಸಿಗುತ್ತದೆ? ಮಗುವಿಗೆ ಏನೋ ದುಃಖ ಇದೆ ಅಂತಿಟ್ಟುಕೊಳ್ಳಿ. ಅದನ್ನು ಹೇಳೋಕೆ ಇಡೀ ದಿನದಲ್ಲಿ ಜಾಗ ಎಲ್ಲಿದೆ?

‘ನಮ್ಮ ಕಾಲದಲ್ಲಿ ಈ ಡಿಪ್ರೆಷನ್ನು, ಟೆನ್ಷನ್ನು ಎಲ್ಲಾ ಎಲ್ಲಿತ್ರೀ?’ ಎನ್ನುವವರು ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಒಬ್ಬರಾದರೂ ಇರುತ್ತಾರೆ. ಇತ್ತು ಸ್ವಾಮಿ, ಹೆಸರಿರಲಿಲ್ಲ ಅಷ್ಟೆ. ‘ಗಾಳಿ ಸೋಕಿದೆ’ ಅಂತ ತಾಯತ ಕಟ್ಟಿಸುತ್ತಿದ್ದರು, ‘ಮದುವೆ ಆದ್ರೆ ಸರಿಹೋಗ್ತದೆ’ ಎನ್ನುತ್ತಿದ್ದರು. ಜೊತೆಗೆ ಒಂದು ಅನುಕೂಲವೂ ಇತ್ತು, ಅದನ್ನು ಒಪ್ಪಿಕೊಳ್ಳಬೇಕು. ಅಮ್ಮ ಗದರಿದರೆ ಅಜ್ಜಿ ಮಡಿಲಿತ್ತು, ಅಜ್ಜಿ ಇಲ್ಲದಿದ್ದರೆ ಅತ್ತೆ ಮನೆ ಇತ್ತು, ಏನೂ ಇಲ್ಲದಿದ್ದರೆ ಬೀದಿಯಲ್ಲಿ ಹತ್ತು ಹುಡುಗರಾದರೂ ಇದ್ದರು. ಈಗ ಎರಡು ಬೆಡ್‌ರೂಮಿನ ಮನೆಯಲ್ಲಿ ಮೂರೇ ಜನ. ಅದರಲ್ಲಿ ಇಬ್ಬರು ‘ಓದಿದ್ಯಾ?’ ಅಂತ ಕೇಳುವವರು!

ಅಂಕಿಅಂಶ ಹೇಳಿ ಹೆದರಿಸುವುದು ನನಗೆ ಇಷ್ಟವಿಲ್ಲ. ಆದರೂ ಎರಡು ಸಂಖ್ಯೆ ಗೊತ್ತಿರಲಿ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಕಂಡುಬಂದಿತ್ತು. ನಲವತ್ತು ಮಕ್ಕಳ ಒಂದು ಕ್ಲಾಸ್‌ರೂಮಿಗೆ ಲೆಕ್ಕ ಹಾಕಿದರೆ ಸುಮಾರು ಮೂರು ಮಕ್ಕಳು. ಇನ್ನೊಂದು, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,044. ಇವರೆಲ್ಲ ಫೇಲಾದವರು ಅಂದುಕೊಳ್ಳಬೇಡಿ. ಚೆನ್ನಾಗಿ ಓದುತ್ತಿದ್ದ, ಕೈತುಂಬ ಮಾರ್ಕ್ಸ್ ತರುತ್ತಿದ್ದ ಮಕ್ಕಳೂ ಕುಸಿಯುತ್ತಾರೆ. ಕಾರಣಗಳೂ ಒಂದೇ ಅಲ್ಲ. ಮನೆಯ ಜಗಳ, ಸ್ನೇಹಿತರ ಕಾಟ, ಯಾರೋ ಮಾಡಿದ ದೌರ್ಜನ್ಯ, ಪ್ರೀತಿ-ಗೀತಿ, ಗುರುತಿಸದೇ ಉಳಿದ ಖಿನ್ನತೆ, ಎಲ್ಲವೂ ಸೇರಿ ಹೆಣೆದುಕೊಂಡಿರುತ್ತವೆ. ಪರೀಕ್ಷೆ ಎಷ್ಟೋ ಸಲ ಕೊನೆಯ ಎಳೆ ಮಾತ್ರ.

ಸೋಮವಾರದ ಹೊಟ್ಟೆನೋವು

ನಾವು ಎಡವುವುದು ಎಲ್ಲಿ ಗೊತ್ತೇ? ದುಃಖ ಅಂದರೆ ಮಗು ಅಳುತ್ತದೆ ಅಂತ ಕಾಯುತ್ತಾ ಕೂರುತ್ತೇವೆ. ಹದಿಹರೆಯದ ಖಿನ್ನತೆ ಬಹಳಷ್ಟು ಸಲ ಅಳುವಿನ ರೂಪದಲ್ಲಿ ಬರುವುದೇ ಇಲ್ಲ, ಸಿಡುಕಿನ ರೂಪದಲ್ಲಿ ಬರುತ್ತದೆ. ಬಾಗಿಲು ದಢಾರಂತ ಹಾಕುವುದು, ತಮ್ಮನ ಮೇಲೆ ಎಗರಾಡುವುದು, ಏನು ಕೇಳಿದರೂ ‘ಬಿಡು’ ಎನ್ನುವುದು. ನಾವದಕ್ಕೆ ‘ಕೊಬ್ಬು’ ಅಂತ ಹೆಸರಿಟ್ಟುಬಿಡುತ್ತೇವೆ. ಇನ್ನು ಕೆಲವು ಮಕ್ಕಳಲ್ಲಿ ಅದು ಮೈಗೆ ಇಳಿಯುತ್ತದೆ. ತಲೆನೋವು, ಹೊಟ್ಟೆನೋವು, ವಾಂತಿ ಬಂದ ಹಾಗೆ ಆಗುವುದು. ಡಾಕ್ಟರು ಸ್ಕ್ಯಾನ್ ಮಾಡಿಸಿ ‘ಏನೂ ಇಲ್ಲ’ ಎಂದ ಕೂಡಲೇ ಅಮ್ಮಂದಿರಿಗೆ ಸಿಟ್ಟು, ‘ನಾಟಕ ಆಡ್ತಾಳೆ, ಸಾವಿರಗಟ್ಟಲೆ ದುಡ್ಡು ಹೋಯ್ತು’ ಅಂತ. ಸ್ಕ್ಯಾನಿನಲ್ಲಿ ಕಾಣದಿದ್ದರೆ ನೋವು ಸುಳ್ಳು ಅಂತಲ್ಲ. ಮಗುವಿಗೆ ಹೊಟ್ಟೆ ನಿಜವಾಗಿಯೇ ನೋಯುತ್ತಿರುತ್ತದೆ.

ನಮ್ಮ ಬೀದಿಯಲ್ಲೇ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಪ್ರತಿ ಸೋಮವಾರ ಬೆಳಿಗ್ಗೆ ಹೊಟ್ಟೆನೋವು. ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆವರೆಗೆ ಕಿಲಕಿಲ ನಗುತ್ತಾ ಓಡಾಡುವ ಹುಡುಗಿ. ಅವರಮ್ಮ ಜಾಣೆ. ಗದರದೆ, ಒಂದು ಕ್ಯಾಲೆಂಡರಿನಲ್ಲಿ ನೋವು ಬಂದ ದಿನಗಳಿಗೆ ಗುರುತು ಹಾಕುತ್ತಾ ಬಂದರು. ನೋವು ಬರುತ್ತಿದ್ದುದು ಸ್ಕೂಲಿದ್ದ ದಿನ, ಅದರಲ್ಲೂ ವ್ಯಾನ್ ಬರುವ ಹೊತ್ತಿಗೆ. ಅವರಪ್ಪ ಸ್ಕೂಟರಿನಲ್ಲಿ ಬಿಡುತ್ತೇನೆ ಎಂದ ದಿನ ನೋವು ಇರಲಿಲ್ಲ! ಮೆಲ್ಲಗೆ ಕೇಳಿದಾಗ ಗೊತ್ತಾಯಿತು, ವ್ಯಾನಿನಲ್ಲಿ ದೊಡ್ಡ ಹುಡುಗಿಯರ ಗುಂಪೊಂದು ಅವಳ ಬಣ್ಣದ ಬಗ್ಗೆ ದಿನಾ ಆಡಿಕೊಳ್ಳುತ್ತಿತ್ತು. ಯಾವ ಸ್ಕ್ಯಾನಿನಲ್ಲಿ ಬರಬೇಕು ಇದು?

ಬಣ್ಣದ ವಿಷಯ ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಹೊರಗಿನವರಷ್ಟೇ ಅಲ್ಲ, ನಮ್ಮ ನೆಂಟರೂ ಕಡಿಮೆ ಇಲ್ಲ. ಮದುವೆ ಛತ್ರದಲ್ಲಿ ‘ಏನಮ್ಮಾ, ದಪ್ಪ ಆಗ್ಬಿಟ್ಟಿದ್ದೀಯಲ್ಲ’, ‘ಮುಖದ ತುಂಬ ಮೊಡವೆ, ಏನೂ ಹಚ್ಚಲ್ವಾ?’, ‘ಅಕ್ಕನ ಬಣ್ಣ ಬರಲಿಲ್ಲ ನೋಡು ಇವಳಿಗೆ’. ಹದಿನಾಲ್ಕು ವರ್ಷದ ಹುಡುಗಿ ಅಲ್ಲಿ ನಗುತ್ತಾ ನಿಂತಿರುತ್ತಾಳೆ, ರಾತ್ರಿ ಕನ್ನಡಿ ಮುಂದೆ ನಿಲ್ಲುತ್ತಾಳೆ. ಆ ಕ್ಷಣದಲ್ಲಿ ನಾವು ಹಲ್ಲು ಕಿರಿದು ಸುಮ್ಮನಿರುವುದು ನನಗೆ ಸರಿ ಕಾಣುವುದಿಲ್ಲ. ‘ಅತ್ತಿಗೆ, ಅವಳ ಮೈ-ಬಣ್ಣದ ಮಾತು ಬೇಡ, ಅವಳು ಚೆನ್ನಾಗೇ ಇದ್ದಾಳೆ’ ಅಂತ ಎಲ್ಲರೆದುರು ಹೇಳಿ. ಅತ್ತಿಗೆ ಎರಡು ದಿನ ಮುಖ ಊದಿಸಿಕೊಳ್ಳಬಹುದು. ಊದಿಸಿಕೊಳ್ಳಲಿ ಬಿಡಿ. ಅಮ್ಮ ತನ್ನ ಪರ ನಿಂತಳು ಅನ್ನುವುದು ಮಗಳಿಗೆ ಗೊತ್ತಾಗಬೇಕು.

ಹುಡುಗರ ಕಷ್ಟ ಬೇರೆ ಥರ. ಐದು ವರ್ಷಕ್ಕೇ ‘ಗಂಡು ಹುಡುಗ ಆಗಿ ಅಳ್ತೀಯಾ?’ ಎಂದು ಬಾಯಿ ಮುಚ್ಚಿಸಿರುತ್ತೇವೆ. ಹದಿನೈದಕ್ಕೆ ‘ಇವನು ಏನೂ ಹೇಳಲ್ಲ, ಗುಮ್ಮನಗುಸಕ’ ಅಂತ ದೂರುತ್ತೇವೆ!

ಹಾಗಂತ ಸಿಡುಕಿದ ಮಕ್ಕಳೆಲ್ಲ ಕಾಯಿಲೆಯವರಲ್ಲ. ಆ ವಯಸ್ಸೇ ಅಂಥದ್ದು. ಒಂದು ದಿನದ ಮೂಡು ಸಂಜೆ ಪಾನಿಪೂರಿಗೆ ಸರಿಹೋಗುತ್ತದೆ. ಗಮನಿಸಬೇಕಾದದ್ದು ಬದಲಾವಣೆಯನ್ನು, ಅದು ಎಷ್ಟು ದಿನ ನಿಂತಿದೆ ಎಂಬುದನ್ನು. ಎರಡು ವಾರ ದಾಟಿದರೂ ಮಗು ಮೊದಲಿನಂತಾಗಿಲ್ಲ, ಇಷ್ಟದ ಆಟ, ಹಾಡು, ಗೆಳತಿಯರು ಯಾವುದೂ ಬೇಡವಾಗಿದೆ, ನಿದ್ದೆ-ಊಟ ಏರುಪೇರಾಗಿದೆ, ಇದ್ದಕ್ಕಿದ್ದಂತೆ ಮಾರ್ಕ್ಸ್ ಬಿದ್ದಿದೆ ಎಂದಾದರೆ ಯಾರನ್ನಾದರೂ ಕೇಳುವುದು ಒಳ್ಳೆಯದು. ‘ನಾನಿಲ್ದಿದ್ರೆ ನಿಮ್ಗೆಲ್ಲಾ ಆರಾಮು’, ‘ಎಲ್ಲಾ ಮುಗಿಸ್ಬಿಡೋಣ ಅನ್ಸುತ್ತೆ’ ಎನ್ನುವಂಥ ಮಾತು ಬಂದರೆ, ತನ್ನ ಪ್ರೀತಿಯ ವಸ್ತುಗಳನ್ನು ಸುಮ್ಮಸುಮ್ಮನೆ ಹಂಚತೊಡಗಿದರೆ ಎರಡು ವಾರ ಕಾಯಬೇಡಿ. ಅವತ್ತೇ ಕೇಳಿ.

ಹೇಗೆ ಕೇಳುವುದು ಎನ್ನುವಲ್ಲೇ ಎಲ್ಲರೂ ತಡವರಿಸುವುದು. ‘ಸಾಯುವ ಯೋಚನೆ ಬರ್ತಿದೆಯಾ?’ ಅಂತ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ. ಮನೋವೈದ್ಯರು ಹೇಳುವುದು ಇದಕ್ಕೆ ವಿರುದ್ಧ. ನೇರವಾಗಿ, ಮೆಲುದನಿಯಲ್ಲಿ ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಇದ್ದರೆ, ಹೊರಗೆ ಹಾಕಲು ದಾರಿಯಾಗುತ್ತದೆ. ಮಗು ‘ಹೌದು’ ಎಂದರೆ? ಎದೆ ಧಸಕ್ಕೆಂದರೂ ಕೂಗಾಡಬೇಡಿ, ‘ನಮ್ಮ ಮರ್ಯಾದೆ ಯೋಚನೆ ಮಾಡಿದ್ಯಾ?’ ಅನ್ನಲೇಬೇಡಿ. ಪಕ್ಕದಲ್ಲಿ ಕೂತು ‘ಹೇಳಿದ್ದು ಒಳ್ಳೇದಾಯ್ತು ಪುಟ್ಟಾ, ನಾನಿದ್ದೀನಿ’ ಅನ್ನಿ. ಒಬ್ಬಂಟಿಯಾಗಿ ಬಿಡಬೇಡಿ, ಅಪಾಯವಾಗಬಹುದಾದ ಯಾವುದೂ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ, ಅವತ್ತೇ ಡಾಕ್ಟರ ಬಳಿ ಹೊರಡಿ. ಬೆಂಗಳೂರಿನಲ್ಲಿದ್ದರೆ ನಿಮ್ಹಾನ್ಸ್‌ನ ತುರ್ತು ಚಿಕಿತ್ಸಾ ವಿಭಾಗ ದಿನದ 24 ಗಂಟೆಯೂ ತೆರೆದಿರುತ್ತದೆ. ಬೇರೆ ಊರಿನಲ್ಲಿದ್ದರೆ ಹತ್ತಿರದ ದೊಡ್ಡಾಸ್ಪತ್ರೆಗೆ ಹೋಗಿ.

ನಾಲ್ಕೂವರೆಯ ಅಲಾರಂ

ನನ್ನ ತಕರಾರಿನ ಪಟ್ಟಿಯಲ್ಲಿ ಮೊದಲನೆಯದು ಈ ಅಲಾರಂ. ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೆಗೆ ಹತ್ತುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು, ನಿಜ. ಆದರೆ ಅವರು ರಾತ್ರಿ ಎಂಟಕ್ಕೆ ಊಟ ಮಾಡಿ ಒಂಬತ್ತಕ್ಕೆ ಮಲಗುತ್ತಿದ್ದರು ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ! ನಮ್ಮ ಮಕ್ಕಳು ಟ್ಯೂಷನ್ ಮುಗಿಸಿ ಮನೆ ಸೇರುವುದೇ ಒಂಬತ್ತಕ್ಕೆ. ಊಟ, ಹೋಂವರ್ಕ್ ಮುಗಿಯುವಾಗ ಹನ್ನೊಂದೂವರೆ. ನಾಲ್ಕೂವರೆಗೆ ಅಮ್ಮ ಬೂಸ್ಟ್ ಲೋಟ ಹಿಡಿದು ಹಾಸಿಗೆ ಪಕ್ಕ ಹಾಜರು. ಲೆಕ್ಕ ಹಾಕಿ, ಐದೇ ಗಂಟೆ ನಿದ್ದೆ. 13ರಿಂದ 18 ವರ್ಷದ ಮಕ್ಕಳಿಗೆ ಬೇಕಾದದ್ದು 8ರಿಂದ 10 ಗಂಟೆ.

ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. ಹದಿಹರೆಯ ಬರುತ್ತಿದ್ದಂತೆ ನಿದ್ದೆ ತರಿಸುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ತಡವಾಗಿ ಏರತೊಡಗುತ್ತದೆ. ಅಂದರೆ ಮಗ ಹತ್ತಕ್ಕೆ ‘ನಿದ್ದೆ ಬರ್ತಿಲ್ಲ’ ಎನ್ನುವುದು, ಬೆಳಿಗ್ಗೆ ಏಳಲು ಒದ್ದಾಡುವುದು ಪೂರ್ತಿ ಸೋಮಾರಿತನವಲ್ಲ, ಅವನ ಮೈಯ ಗಡಿಯಾರವೇ ಹಿಂದಕ್ಕೆ ಸರಿದಿರುತ್ತದೆ. ಜೊತೆಗೆ ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ನಿದ್ದೆ ಕಿತ್ತುಕೊಂಡು ಓದಿಸುವುದೆಂದರೆ ತೂತು ಕೊಡಕ್ಕೆ ನೀರು ಹೊತ್ತ ಹಾಗೆ. ನಿದ್ದೆಗೆಟ್ಟ ಮಗು ಸಿಡುಕುತ್ತದೆ, ಸಣ್ಣದಕ್ಕೂ ಕಣ್ಣೀರು ಹಾಕುತ್ತದೆ, ‘ನನ್ನ ಕೈಲಾಗಲ್ಲ’ ಎನ್ನತೊಡಗುತ್ತದೆ. ನಾವು ಇನ್ನೊಂದು ಟ್ಯೂಷನ್ ಹಾಕುತ್ತೇವೆ!

ನನ್ನನ್ನು ಕೇಳಿದರೆ, ಪರೀಕ್ಷೆಯ ವರ್ಷ ಕತ್ತರಿ ಹಾಕಬೇಕಾದದ್ದು ಡ್ಯಾನ್ಸ್ ಕ್ಲಾಸಿಗಲ್ಲ, ಎರಡನೇ ಟ್ಯೂಷನ್ನಿಗೆ. ವಾರಕ್ಕೆರಡು ದಿನ ಮೈ ಬೆವರಿಸಿ ಗೆಳತಿಯರ ಜೊತೆ ನಕ್ಕು ಬರುವ ಮಗುವಿಗೆ ಮಿಕ್ಕ ದಿನ ಕೂತು ಓದುವ ಚೈತನ್ಯ ಇರುತ್ತದೆ. ಮೊಬೈಲ್ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಸೇರಿಸುವುದು ಇಷ್ಟೇ: ರಾತ್ರಿ ಮಲಗುವ ಕೋಣೆಯಿಂದ ಫೋನು ಹೊರಗಿರಲಿ, ಮಗುವಿನದ್ದೂ, ನಮ್ಮದೂ, ಅವರಪ್ಪಂದೂ.

ಅವರಪ್ಪನ ಮಾತು ಬಂತು. ‘ನಿಮ್ಮಪ್ಪ ಬರ್ಲಿ, ಹೇಳ್ತೀನಿ ಇರು’ ಎನ್ನುವುದನ್ನು ಎಷ್ಟು ಸಲ ಬಳಸುತ್ತೇವೆ ನೋಡಿ. ಇಡೀ ದಿನ ಆಫೀಸಿನಲ್ಲಿ ದುಡಿದು ಬರುವ ಮನುಷ್ಯನನ್ನು ನಾವೇ ಗುಮ್ಮ ಮಾಡಿ ಇಟ್ಟಿರುತ್ತೇವೆ. ಆಮೇಲೆ ಮಗನಿಗೆ ಅಪ್ಪನ ಹತ್ತಿರ ಮಾತೇ ಬರುವುದಿಲ್ಲ. ಹುಡುಗರಿಗೆ ಅಮ್ಮನ ಬಳಿ ಹೇಳಲಾಗದ ಎಷ್ಟೋ ವಿಷಯ ಆ ವಯಸ್ಸಿನಲ್ಲಿ ಇರುತ್ತವೆ. ಭಾನುವಾರ ಕಾರು ತೊಳೆಯುವಾಗ ಮಗನನ್ನೂ ಪೈಪು ಹಿಡಿಯಲು ಕಳಿಸಿ. ಅಲ್ಲಿ ಇಬ್ಬರೂ ಏನು ಮಾತಾಡಿದರು ಅಂತ ಮಾತ್ರ ವಿಚಾರಿಸಬೇಡಿ.

ಮಾತಾಡಿಸಲು ಎದುರು ಕೂರಿಸಿಕೊಂಡು ‘ಬಾ, ಏನಾಗಿದೆ ಹೇಳು’ ಎಂದರೆ ಯಾವ ಮಗುವೂ ಬಾಯಿ ಬಿಡುವುದಿಲ್ಲ, ಅದು ಪೊಲೀಸ್ ಸ್ಟೇಷನ್ನಿನ ಥರ ಇರುತ್ತದೆ. ಕೈಗೆ ಕೆಲಸ ಇದ್ದಾಗ, ಕಣ್ಣು ಬೇರೆಲ್ಲೋ ಇದ್ದಾಗ ಮಾತು ತಾನಾಗಿ ಬರುತ್ತದೆ. ಸ್ಕೂಟಿಯ ಹಿಂದೆ ಕೂತಾಗ, ಬಟ್ಟೆ ಮಡಿಚುವಾಗ. ನಮ್ಮ ಬೆಂಗಳೂರು-ಮೈಸೂರಿನ ಕಡೆ ಡಿಸೆಂಬರ್-ಜನವರಿ ಅವರೆಕಾಯಿ ಕಾಲ. ಮಕ್ಕಳ ಪ್ರಿಪರೇಟರಿ ಪರೀಕ್ಷೆಯ ಗಲಾಟೆಯೂ ಅದೇ ಹೊತ್ತಿಗೆ ಶುರು. ಎರಡು ಕೆ.ಜಿ. ಅವರೆಕಾಯಿ ಮುಂದೆ ಸುರಿದುಕೊಂಡು ‘ಬಾರೇ, ಒಂದು ಕೈ ಹಾಕು’ ಅಂತ ಕರೆಯಿರಿ. ಹಿತಕುಬೇಳೆಗೆ ಸಿಪ್ಪೆ ಹಿಸುಕುವ ಹೊತ್ತಿಗೆ ಅರ್ಧ ಗಂಟೆ ಸುಮ್ಮನೆ ಹೋಗುತ್ತದೆ. ಮೊದಲ ಹತ್ತು ನಿಮಿಷ ಏನೂ ಬರುವುದಿಲ್ಲ. ಆಮೇಲೆ ಯಾರೋ ಮಿಸ್ಸಿನ ಸುದ್ದಿ, ಯಾರೋ ಗೆಳತಿಯ ಸುದ್ದಿ. ‘ನನ್ನ ಫ್ರೆಂಡ್ ಒಬ್ಬಳಿಗೆ ಹೀಗಾಗಿದೆಯಂತೆ’ ಎನ್ನುವ ಮಾತು ಬಂದರೆ ಕಿವಿ ನೆಟ್ಟಗಿರಲಿ, ಎಷ್ಟೋ ಸಲ ಆ ಫ್ರೆಂಡು ಅವಳೇ ಆಗಿರುತ್ತಾಳೆ. ಆಗ ನಡುವೆ ಬಾಯಿ ಹಾಕಿ ‘ಅಂಥವರ ಸಹವಾಸ ಬಿಡು’ ಎಂದಿರೋ, ಮುಗಿಯಿತು. ‘ಪಾಪ, ಅವಳಿಗೆ ಹೇಗನ್ಸಿರಬೇಕು?’ ಅಂದು ಅವರೆಕಾಯಿ ಸುಲಿಯುತ್ತಾ ಇರಿ. ಪರಿಹಾರ ಹೇಳುವ ಚಪಲ ನಮಗೆ ಜಾಸ್ತಿ. ಮಗುವಿಗೆ ಎಷ್ಟೋ ಸಲ ಪರಿಹಾರ ಬೇಕಿರುವುದೇ ಇಲ್ಲ.

ಕೇಳಿಸಿಕೊಂಡದ್ದನ್ನು ತಂಗಿಗೆ ಫೋನ್ ಮಾಡಿ ಹೇಳುವುದು, ಮಗಳ ಡೈರಿ ತೆರೆಯುವುದು, ಅವಳು ಸ್ನಾನಕ್ಕೆ ಹೋದಾಗ ಮೊಬೈಲ್ ಮೆಸೇಜು ಓದುವುದು ಬೇಡ. ಒಮ್ಮೆ ಸಿಕ್ಕಿಬಿದ್ದರೆ ಆಮೇಲೆ ವರ್ಷಗಟ್ಟಲೆ ಅವಳ ಬಾಯಿಂದ ಒಂದು ಮಾತೂ ಬರುವುದಿಲ್ಲ. ಪ್ರಾಣಾಪಾಯದ ಅನುಮಾನ ಇದ್ದಾಗ ಮಾತು ಬೇರೆ.

ಆಸ್ಪತ್ರೆ ಅಂದರೆ ಅಂಜಿಕೆ ಯಾಕೆ?

‘ನಿನ್ನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ನೋಡು’ ಎನ್ನುವುದು ಬೆಂಗಳೂರಿನವರ ಬಾಯಲ್ಲಿ ಬೈಗುಳವಾಗಿಬಿಟ್ಟಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಹೆಸರಿಗೂ ಇದೇ ಗತಿ. ತಮಾಷೆಗೆ ಅಂತೀರಿ. ಆದರೆ ಆ ತಮಾಷೆ ಕೇಳಿ ಬೆಳೆದ ಮಗು ನಾಳೆ ತನಗೇ ಸಹಾಯ ಬೇಕಾದಾಗ ಹೇಗೆ ಬಾಯಿ ಬಿಟ್ಟೀತು? ಹೊಸೂರು ರಸ್ತೆಯ ಅದೇ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆಂದೇ ಪ್ರತ್ಯೇಕ ವಿಭಾಗ ಇದೆ. ಹೊರ ಊರುಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ಸೇವೆ ಸಿಗುತ್ತದೆ.

ಆಸ್ಪತ್ರೆ ತನಕ ಹೋಗುವ ಧೈರ್ಯ ಇಲ್ಲದಿದ್ದರೆ ಫೋನ್ ಮಾಡಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರು ಮಾಡಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲೂ ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗುವೇ ಮಾಡಬೇಕೆಂದಿಲ್ಲ, ‘ನನ್ನ ಮಗ ಹೀಗಾಡ್ತಿದ್ದಾನೆ, ಏನು ಮಾಡಲಿ?’ ಅಂತ ನೀವೂ ಕೇಳಬಹುದು. ಯಾರಾದರೂ ಮಗುವಿಗೆ ಹಿಂಸೆ, ದೌರ್ಜನ್ಯ ಮಾಡುತ್ತಿದ್ದಾರೆ ಎಂದಾದರೆ ಮಕ್ಕಳ ಸಹಾಯವಾಣಿ 1098 ಇದೆ. ಗ್ಯಾಸ್ ಏಜೆನ್ಸಿ, ಹಾಲಿನವರು, ಪ್ಲಂಬರ್ ನಂಬರ್‌ಗಳನ್ನು ಫ್ರಿಜ್ ಮೇಲೆ ಅಂಟಿಸಿರುತ್ತೀರಲ್ಲ, ಇವೆರಡನ್ನೂ ಅದರ ಜೊತೆಗೇ ಬರೆದು ಅಂಟಿಸಿ. ಮಗು ಹೋಗುತ್ತಾ ಬರುತ್ತಾ ನೋಡುತ್ತಿರಲಿ.

ಪೊಲೀಸ್ ಕೇಸಾಗುತ್ತದೆ ಎಂಬ ಹೆದರಿಕೆಯಿಂದ ಮುಚ್ಚಿಡುವವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಜೀವ ಕಳೆದುಕೊಳ್ಳಲು ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ‘ನಾಳೆ ಮದುವೆ ಸಂಬಂಧಕ್ಕೆ ತೊಂದರೆ’ ಎನ್ನುವವರಿಗೆ ನನ್ನ ಬಳಿ ಇರುವುದು ಒಂದೇ ಉತ್ತರ. ಮದುವೆ ವಯಸ್ಸಿಗೆ ಇನ್ನೂ ಹತ್ತು ವರ್ಷ ಇದೆ. ಮೊದಲು ಮಗು ಇವತ್ತು ನೆಮ್ಮದಿಯಾಗಿ ನಿದ್ದೆ ಮಾಡಲಿ.

ಕೊನೆಗೆ ರಿಸಲ್ಟಿನ ದಿನ. ಮರುದಿನ ಪೇಪರು ತೆರೆದರೆ ಅಂಚೆಚೀಟಿ ಗಾತ್ರದ ಫೋಟೋಗಳು ಪುಟಗಟ್ಟಲೆ, 625ಕ್ಕೆ 625 ಬಂದವರ ಬಾಯಿಗೆ ಸಿಹಿ ತಿನ್ನಿಸುವ ಅಪ್ಪ-ಅಮ್ಮ. ಅವರಿಗೆ ಸಂತೋಷವಾಗಲಿ, ಬೇಡ ಎನ್ನಲು ನಾವ್ಯಾರು? ಆದರೆ 2025ರ ಮೊದಲ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪಾಸಾದವರು ಶೇ 62.34. ಅಂದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳು ಆ ದಿನ ಫೇಲಾಗಿ ಮನೆಯಲ್ಲಿ ಕೂತಿದ್ದರು. ಅವರ ಫೋಟೋ ಎಲ್ಲೂ ಬರುವುದಿಲ್ಲ. 2024ರಿಂದ ಒಂದೇ ವರ್ಷದಲ್ಲಿ ಮತ್ತೆ ಬರೆಯುವ ಅವಕಾಶವನ್ನು ‘ಪರೀಕ್ಷೆ-2’ ಎನ್ನುತ್ತಾರೆ, ಹಳೆಯ ‘ಸಪ್ಲಿಮೆಂಟರಿ’ ಎಂಬ ಹಣೆಪಟ್ಟಿ ಹೋಗಿದೆ. ಇದನ್ನು ರಿಸಲ್ಟ್ ಬಂದ ಮೇಲೆ ಸಮಾಧಾನಕ್ಕೆ ಹೇಳಬೇಡಿ, ಆಗ ಅದು ಕಿವಿಗೆ ಬೀಳುವುದಿಲ್ಲ. ಹಿಂದಿನ ವಾರವೇ, ಊಟ ಬಡಿಸುತ್ತಾ, ‘ಏನೇ ಬಂದ್ರೂ ಮುಂದೇನು ಅಂತ ಕೂತು ನೋಡೋಣ’ ಅಂತ ಹೇಳಿಟ್ಟಿರಿ.

ಅವತ್ತು ಮಗುವನ್ನು ಒಂಟಿಯಾಗಿ ಸೈಬರ್ ಸೆಂಟರಿಗೋ ಗೆಳೆಯನ ಮನೆಗೋ ಕಳಿಸಬೇಡಿ. ಮನೆಯಲ್ಲೇ, ನಿಮ್ಮ ಪಕ್ಕದಲ್ಲೇ ಕೂತು ನೋಡಲಿ. ಆಫೀಸಿಗೆ ಹೋಗುವವರು ಸಾಧ್ಯವಾದರೆ ಅರ್ಧ ದಿನ ರಜೆ ಹಾಕಲಿ. ಮಗುವಿಗೆ ಇಷ್ಟವಾದ ಅಡುಗೆಯನ್ನು ರಿಸಲ್ಟ್ ಬರುವ ಮುಂಚೆಯೇ ಮಾಡಿಟ್ಟುಬಿಡಿ, ಮಾರ್ಕ್ಸ್ ನೋಡಿ ಪಾಯಸ ಮಾಡುವುದು ಬೇಡ. ಹತ್ತೂವರೆಯಿಂದ ನೆಂಟರ ಫೋನು ಶುರುವಾಗುತ್ತದೆ. ಮೈಸೂರಿನ ದೊಡ್ಡಮ್ಮ, ಹುಬ್ಬಳ್ಳಿಯ ಮಾಮಿ, ಮೂರು ವರ್ಷದಿಂದ ಮಾತಾಡದಿದ್ದ ಚಿಕ್ಕಮ್ಮ, ಎಲ್ಲರಿಗೂ ಅವತ್ತೇ ನಿಮ್ಮ ನೆನಪು! ಫೋನನ್ನು ಮಗುವಿನ ಕೈಗೆ ಕೊಡಬೇಡಿ. ‘ಅವನು ಊಟಕ್ಕೆ ಕೂತಿದ್ದಾನೆ, ಆಮೇಲೆ ನಾವೇ ಮಾಡ್ತೀವಿ’ ಅಂದು ಇಟ್ಟುಬಿಡಿ.